ಮೂರು ತಿಂಗಳ ಮಟ್ಟಿಗೆ

ಜನವರಿ 11

ಚೋಟುಗೆ,

ನಾನು ಗಟ್ಟಿಯಾಗಿದ್ದೇನೆ. ನೀನೂ ಗಟ್ಟಿಯಾಗಿದ್ದೀಯ ಎಂದುಕೊಂಡು ಮುಂದಿನದು ಬರೆಯುತ್ತೇನೆ. ಬೆಂಕಿ ಆರಿಸುವುದನ್ನು ಕಲಿಸುವ ಆ ನಿಮ್ಮ ಶಾಲೆಯವರು ಎಲ್ಲರ ಫೋನನ್ನೂ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಾರೆ ಎಂದು ನಿಮ್ಮಮ್ಮ ಹೇಳಿದಳು. ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನೊಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಸಲ "ಹೂಂ ಅಜ್ಜಿ" ಅಂದಿರುತ್ತೀಯ. ಕಾಗದ ಬಾಯಿ ಮುಚ್ಚಿಕೊಂಡು ಕೇಳುತ್ತದೆ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ. ಸೊಟ್ಟಗಿದ್ದರೆ ತಲೆ ಸೊಟ್ಟ ಮಾಡಿಕೊಂಡು ಓದು.

ವಿಷಯ ಇದು. ನೀನು ಹೋದ ಮೇಲೆ ಮನೆ ರಿಪೇರಿಯ ಮಾತು ಜೋರಾಗಿದೆ. ಒಳಗಿನ ಗೋಡೆಗಳನ್ನು ಒಡೆದು ಬೇರೆ ಥರ ಕಟ್ಟಿಸುತ್ತಾರಂತೆ, ಮೂರು ತಿಂಗಳ ಕೆಲಸವಂತೆ. ಅಷ್ಟು ದಿನ ನಿಮ್ಮಪ್ಪ, ಅಮ್ಮ ಇಬ್ಬರೂ ಅವಳ ತವರಿನ ಮಹಡಿ ಕೋಣೆಯಲ್ಲಿ. ಅಲ್ಲಿ ಇಬ್ಬರಿಗಷ್ಟೇ ಜಾಗ. "ಮತ್ತೆ ನಾನು?" ಎಂದು ಕೇಳಿದೆ. ನಿಮ್ಮಪ್ಪ ಕೆಮ್ಮಿದ. ಮೂರು ವರ್ಷದವನಿದ್ದಾಗಿನಿಂದ ಅವನು ಸುಳ್ಳಿಗೆ ಮೊದಲು ಕೆಮ್ಮುತ್ತಾನೆ.

"ಒಂದು ಜಾಗ ನೋಡಿದೀನಮ್ಮ. ನಿನ್ನ ವಯಸ್ಸಿನವರೇ ಇರ್ತಾರೆ. ಡಾಕ್ಟರ್ ಬರ್ತಾರೆ, ಓಡಾಡೋಕೆ ತೋಟ ಇದೆ. ಮೂರು ತಿಂಗಳ ಮಟ್ಟಿಗೆ ಅಷ್ಟೇ."

"ವೃದ್ಧಾಶ್ರಮ ಅನ್ನಪ್ಪ. ನಾಲ್ಕಕ್ಷರ. ನಾಲಿಗೆ ಏನೂ ಸವೆಯಲ್ಲ."

ಮತ್ತೆ ಕೆಮ್ಮಿದ, ಸಹಿಗೆ ಫಾರಂ ಕೊಟ್ಟು ಹೋದ. ಮಧ್ಯಾಹ್ನ ಕಿಟಕಿ ಪಕ್ಕ ಕೂತು ಕನ್ನಡಕ ಹಾಕಿಕೊಂಡು ಓದಿದೆ. ನನ್ನ ಹೆಸರು, ವಯಸ್ಸು, ಸಕ್ಕರೆ ಕಾಯಿಲೆ, ಕಟ್ಟಿಸಿಕೊಂಡ ಹಲ್ಲು, ಎಲ್ಲ ಅವನೇ ತುಂಬಿಸಿದ್ದ. ಒಂದು ಕಡೆ "ವಾಸದ ಅವಧಿ" ಎಂದಿತ್ತು. ಅದರ ಮುಂದೆ ಖಾಲಿ. ನಲವತ್ತು ವರ್ಷ ದರ್ಜಿಗಳ ಅಳತೆ ಚೀಟಿ ಓದಿದವಳು ನಾನು. ಮರೆತು ಬಿಟ್ಟ ಖಾಲಿ ಯಾವುದು, ಬೇಕೆಂದೇ ಬಿಟ್ಟ ಖಾಲಿ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಸಂಜೆ ಅವನು ಬಂದ ಕೂಡಲೇ ಹೇಳಿದೆ. "ಮೂರು ತಿಂಗಳಿಗೆ ತಾನೆ? ನಾನೇ ಒಂದು ಮನೆ ಹಿಡೀತೀನಿ. ಬಾಡಿಗೆ ನಂದು." ಅವನು ನಕ್ಕ. ಆಮೇಲೆ ನಾನು ನಗುತ್ತಿಲ್ಲ ಎಂಬುದನ್ನು ನೋಡಿದ. "ಸರಿ. ಈ ತಿಂಗಳ ಮೂವತ್ತೊಂದರೊಳಗೆ ಸಿಕ್ಕಿದ್ರೆ ನೋಡೋಣ. ಸಿಗದಿದ್ರೆ ಫಾರಮ್ಮಿಗೆ ಸಹಿ ಹಾಕ್ತೀಯಾ?"

"ಹಾಕ್ತೀನಿ" ಅಂದುಬಿಟ್ಟೆ.

ಈಗಲೂ ಮೂವರು ದರ್ಜಿಗಳ ಅಂಗಿಗೆ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ನಾನೇ ಎಂಬುದು ನಿನಗೆ ಗೊತ್ತು. ಬಾಡಿಗೆಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಮನೆ ಸಿಗಬೇಕು, ಅಷ್ಟೇ. ಉಳಿದಿರುವುದು ಇಪ್ಪತ್ತು ದಿನ.

ಏಣಿ ಹತ್ತುವಾಗ ಕೆಳಗೆ ನೋಡಬೇಡ.

ಇನ್ನೂ ಈ ಮನೆಯಲ್ಲೇ ಇರುವ
ನಿನ್ನ ಅಜ್ಜಿ

•

ಜನವರಿ 17

ಅಜ್ಜಿ,

ನಿನ್ನ ಕಾಗದ ಊಟದ ಮನೆಯಲ್ಲಿ ಓದಿ ನಕ್ಕೆ, ಆಮೇಲೆ ನಗು ನಿಂತುಹೋಯಿತು. ಇಲ್ಲಿ ಬೆಳಿಗ್ಗೆ ಐದಕ್ಕೆ ಓಟ. ನಿನ್ನೆ ನೀರು ತುಂಬಿದ ಪೈಪು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿಸಿದರು. ನಮ್ಮ ತಂಡದಲ್ಲಿ ಕುಳ್ಳಿ ನಾನೇ, ಆದರೆ ಕೊನೆಯವಳು ನಾನಲ್ಲ.

ನನಗೊಂದು ಉಪಾಯ ಹೊಳೆದಿದೆ. ಮನೆ ಕೊಡುವವರಿಗೆ, ಮೊಮ್ಮಗಳು ಜೊತೆಗಿರ್ತಾಳೆ, ಕೆಲಸಕ್ಕೆ ಹೋಗ್ತಾಳೆ, ರಾತ್ರಿ ಬರ್ತಾಳೆ ಎಂದು ಹೇಳು. ಬೇಕಾದರೆ ನನ್ನ ಗುರುತಿನ ಚೀಟಿಯ ಜೆರಾಕ್ಸ್ ನಿನ್ನ ಟ್ರಂಕಿನಲ್ಲೇ ಇದೆ.

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ ಎಂದು ಬರೆಯಲು ಹೊರಟಿದ್ದೆ, ಬರೆಯುವುದಿಲ್ಲ. ಮನೆಯ ನಕ್ಷೆ ಬಗ್ಗೆ ಅಪ್ಪ ನಿನ್ನ ಹತ್ತಿರ ಏನಾದರೂ ಮಾತಾಡಿದರಾ? ಸುಮ್ಮನೆ ಕೇಳಿದೆ.

ಚೋಟು

•

ಜನವರಿ 24

ಚೋಟುಗೆ,

ನಿನ್ನ ಉಪಾಯ ನಿನ್ನ ಹತ್ತಿರವೇ ಇರಲಿ. ನೀನು ಜೊತೆಗಿದ್ದೀಯ ಎಂದು ಮನೆ ಹಿಡಿದರೆ ಮೂರನೇ ದಿನ "ಮೊಮ್ಮಗಳೆಲ್ಲಿ?" ಎಂದು ಬರುತ್ತಾರೆ. ಆಮೇಲೆ ಮೂರು ತಿಂಗಳೂ ನಿನ್ನನ್ನು ಸ್ನಾನಕ್ಕೆ ಕಳಿಸುತ್ತಾ ಕೂರಬೇಕು ನಾನು.

ಪೇಟೆಯೊಳಗೆ ಮೂರು ತಿಂಗಳಿಗೆಂದು ಯಾರೂ ಕೊಡುವುದಿಲ್ಲ. ಊರಂಚಿನ ಹೊಸ ಬಡಾವಣೆಯಲ್ಲಿ, ಕೆಲಸದ ಮೇಲೆ ಬಂದುಹೋಗುವವರಿಗೆ ಫ್ಲ್ಯಾಟುಗಳನ್ನು ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆಂದು ನಮ್ಮ ದೊಡ್ಡ ದರ್ಜಿ ಹೇಳಿದ. ಬಸ್ಸಿನ ಕೊನೆಯ ನಿಲ್ದಾಣ. ಇಳಿದರೆ ಒಂದೇ ಬಟ್ಟೆಯಲ್ಲಿ ಕತ್ತರಿಸಿದ ಅಂಗಿಗಳ ಹಾಗೆ ಸಾಲಾಗಿ ಕಟ್ಟಡಗಳು, ಎಲ್ಲದಕ್ಕೂ ಒಂದೇ ಥರ ಬಾಲ್ಕನಿ, ಎಲ್ಲ ಬಾಲ್ಕನಿಯಲ್ಲೂ ಒಣಗಿದ ಒಂದೊಂದು ಹೂಕುಂಡ. ಪ್ರತಿ ಗೇಟಿನಲ್ಲಿ ವಾಚ್‌ಮನ್, ಒಂದು ಪುಸ್ತಕ. ಹೆಸರು ಬರಿ, ಯಾರನ್ನು ನೋಡಬೇಕು ಬರಿ, ಯಾಕೆ ಬರಿ. "ಮನೆ ನೋಡಲು" ಎಂದು ಬರೆದರೆ ಅವನು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಬಗ್ಗಿ ನೋಡುತ್ತಾನೆ.

ಮೊದಲನೆಯ ಮನೆಯವಳು ಚಿಕ್ಕ ವಯಸ್ಸಿನವಳು. ಬಾಗಿಲು ಅರ್ಧ ತೆಗೆದು ಮಾತಾಡಿದಳು.

"ನಿಮ್ಮ ಜೊತೆಗೆ ಯಾರಿರ್ತಾರೆ ಆಂಟಿ?"

"ನಾನಿರ್ತೀನಿ."

"ಅಲ್ಲ, ನಿಮ್ಮ ಜೊತೆಗೆ?"

"ನನ್ನ ಜೊತೆಗೂ ನಾನೇ. ಎಪ್ಪತ್ತಾರು ವರ್ಷದಿಂದ ಒಟ್ಟಿಗೇ ಇದೀವಿ, ಜಗಳ ಆಗಿಲ್ಲ."

ಬಾಗಿಲು ಮುಚ್ಚಿತು. ಎರಡನೆಯ ಕಡೆ ಮನೆ ನೆನ್ನೆ ತಾನೇ ಹೋಯಿತು ಅಂದರು. ಆದರೆ ಬಾಗಿಲ ಮೇಲೆ "ಬಾಡಿಗೆಗಿದೆ" ಬೋರ್ಡು ಅಲ್ಲಾಡುತ್ತಿತ್ತು. ಮೂರನೆಯವನು ನನ್ನನ್ನು ಕೂರಿಸಿ ನೀರು ಕೊಟ್ಟು, ತನ್ನ ಸ್ವಂತ ಅಮ್ಮ ಎಷ್ಟು ಒಳ್ಳೆಯವಳು ಎಂದು ಅರ್ಧ ಗಂಟೆ ಹೇಳಿ, ಮನೆ ಮಾತ್ರ ಕೊಡಲಿಲ್ಲ. ನಾಲ್ಕು, ಐದು ಬರೆಯುವುದಿಲ್ಲ, ನಿನ್ನ ಹೊತ್ತು ಹಾಳು.

ಕೊನೆಗೆ ಬ್ರೋಕರನೇ ರಸ್ತೆಯಲ್ಲಿ ನಿಂತು ಹೇಳಿದ. "ಬೇಜಾರು ಮಾಡ್ಕೋಬೇಡಿ ಅಜ್ಜಿ. ನಿಮ್ಮ ಬಗ್ಗೆ ಯಾರಿಗೂ ಏನೂ ಇಲ್ಲ. ನೀವು ಹೋಗ್ಬಿಟ್ರೆ ಆಮೇಲೆ ಆ ಮನೆಗೆ ಯಾರೂ ಬರಲ್ಲ, ಅದೇ ಅವರ ಭಯ."

"ಎಲ್ಲಿಗೆ ಹೋಗ್ಬಿಟ್ರೆ?"

ಅವನು ಪಾಪ, ಆಕಾಶ ನೋಡಿದ.

ಈಗ ಅರ್ಥವಾಯಿತಾ? ನಾನು ಗೋಡೆ ಕೆಡಿಸುತ್ತೇನೆ, ಬಾಡಿಗೆ ಬಾಕಿ ಇಡುತ್ತೇನೆ ಎಂದೆಲ್ಲ ಯಾರೂ ಹೆದರುತ್ತಿಲ್ಲ. ನಾನು ಸಾಯುತ್ತೇನೆ ಎಂದು ಹೆದರುತ್ತಿದ್ದಾರೆ. ಸತ್ತರೆ ನಾನು ತಾನೆ ಸಾಯುವುದು? ನನಗಿಲ್ಲದ ಗಾಬರಿ ಇವರಿಗೆ.

ಆರನೆಯ ಮನೆಯ ಯಜಮಾನರು ಮಾತ್ರ "ಇಲ್ಲ" ಅನ್ನಲಿಲ್ಲ. ಯಾವುದೋ ಕಚೇರಿಯಲ್ಲಿ ಹೆಡ್‌ಕ್ಲರ್ಕ್ ಆಗಿದ್ದು ರಿಟೈರಾದವರು. ಕೆಳಗಿನ ಮನೆಯಲ್ಲಿ ಅವರು, ಎರಡನೇ ಮಹಡಿಯಲ್ಲಿ ಖಾಲಿ ಫ್ಲ್ಯಾಟು. ಒಂದು ಕೋಣೆ, ಅಡುಗೆಮನೆ, ಪೂರ್ವಕ್ಕೆ ಕಿಟಕಿ. ಸೂಜಿಗೆ ದಾರ ಪೋಣಿಸಲು ಆ ಬೆಳಕು ಸಾಕು. "ಷರತ್ತುಗಳನ್ನ ಬರೆದು ಕಳಿಸ್ತೀನಿ, ಒಪ್ಪಿಗೆ ಆದ್ರೆ ನೋಡೋಣ" ಅಂದರು. ಕಾಯುತ್ತಿದ್ದೇನೆ. ಉಳಿದದ್ದು ಏಳು ದಿನ.

ನಕ್ಷೆ ಬಗ್ಗೆ ನಿಮ್ಮಪ್ಪ ಏನೂ ಮಾತಾಡಿಲ್ಲ.

ಅಜ್ಜಿ

•

ಜನವರಿ 28

ಮಾನ್ಯರೇ,

ತಾವು ದಿನಾಂಕ 23ರಂದು ವೀಕ್ಷಿಸಿದ ಎರಡನೇ ಮಹಡಿಯ ವಸತಿಯನ್ನು ಮೂರು ತಿಂಗಳ ಅವಧಿಗೆ ಮಾತ್ರ ನೀಡಲು ಕೆಳಕಂಡಂತೆ ಸಮ್ಮತಿಸಲಾಗಿದೆ. ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ನೀರನ್ನು ಮಿತವಾಗಿ ಬಳಸತಕ್ಕದ್ದು. ಹೊಲಿಗೆ ಯಂತ್ರದ ಶಬ್ದ ಕೆಳಗಿನ ಮನೆಗೆ ಕೇಳತಕ್ಕದ್ದಲ್ಲ. ರಕ್ತಸಂಬಂಧಿ ಅಥವಾ ಕುಟುಂಬದ ಜವಾಬ್ದಾರಿಯುತ ಸದಸ್ಯರೊಬ್ಬರು ಕರಾರಿಗೆ ಸಹಿ ಮಾಡಿ ದೂರವಾಣಿ ಸಂಖ್ಯೆ ನೀಡತಕ್ಕದ್ದು. ಕೊನೆಯದಾಗಿ, ಬಾಡಿಗೆದಾರರು ಸದರಿ ಅವಧಿಯಲ್ಲಿ ಸದರಿ ವಸತಿಯಲ್ಲಿ ಮರಣ ಹೊಂದುವುದಿಲ್ಲವೆಂದು ಲಿಖಿತವಾಗಿ ಭರವಸೆ ನೀಡತಕ್ಕದ್ದು.

ತಮ್ಮ ವಿಶ್ವಾಸಿ,
ವಸತಿಯ ಮಾಲೀಕ

•

ಜನವರಿ 29

ಯಜಮಾನರಿಗೆ,

ಬ್ರೋಕರನ ಕೈಲಿ ಬಂದ ನಿಮ್ಮ ಕಾಗದ ಎರಡು ಸಲ ಓದಿದೆ, ಉತ್ತರವೂ ಅವನ ಕೈಲೇ. ಅಕ್ಷರ ಮುತ್ತಿನ ಹಾಗಿದೆ.

ಮೊಳೆ ಹೊಡೆಯುವುದಿಲ್ಲ. ನೀರು ಮಿತವಾಗಿ ಬಳಸುತ್ತೇನೆ. ನನ್ನದು ಕೈಹೊಲಿಗೆ, ಯಂತ್ರವೇ ಇಲ್ಲ. ಸೂಜಿಯ ಶಬ್ದ ನಿಮಗೆ ಕೇಳಿಸಿದರೆ ನಿಮ್ಮ ಕಿವಿಗೆ ಕೈ ಮುಗಿಯುತ್ತೇನೆ. ಸಹಿ ಮಾಡಲು ಮನೆಯವರನ್ನು ಒಪ್ಪಿಸುತ್ತೇನೆ.

ಕೊನೆಯದಕ್ಕೂ ತಕರಾರಿಲ್ಲ. ಈ ಮೂರು ತಿಂಗಳಲ್ಲಿ ನಾನು ಸಾಯುವುದಿಲ್ಲ ಎಂದು ಬರೆದುಕೊಡುತ್ತೇನೆ. ಆದರೆ ಕರಾರು ಅಂದ ಮೇಲೆ ಎರಡೂ ಕಡೆಯವರಿಗೆ ಒಂದೇ ಇರಬೇಕು. ನೀವು ಕೆಳಗಿನ ಮನೆಯಲ್ಲಿ ಸತ್ತರೆ ಮೇಲಿರುವ ನನಗೆ ತೊಂದರೆ. ಹೆಣದ ಮನೆಯನ್ನು ದಾಟಿ ಮೆಟ್ಟಿಲು ಹತ್ತಬೇಕು, ಬಂದುಹೋಗುವವರ ಗಲಾಟೆ, ಕೆಲಸ ಕೆಡುತ್ತದೆ. ಹಾಗಾಗಿ ನೀವೂ ಈ ಮೂರು ತಿಂಗಳು ಸಾಯುವುದಿಲ್ಲ ಎಂದು ಪಕ್ಕದಲ್ಲಿ ಸಹಿ ಹಾಕಿ. ನಿಮಗೆ ಎಷ್ಟು ವಯಸ್ಸು ಎಂದು ನಾನು ಕೇಳಿಲ್ಲ, ಆದರೆ ಮೆಟ್ಟಿಲು ಹತ್ತುವಾಗ ಯಾರು ಎಷ್ಟು ಸಲ ನಿಂತರು ಎಂದು ನೋಡಿದ್ದೇನೆ.

ನಾಳೆ ಹತ್ತು ಗಂಟೆಗೆ ಬರುತ್ತೇನೆ. ಪೆನ್ನು ನಾನೇ ತರುತ್ತೇನೆ.

ಕಾಜಾ ಹೊಲಿಯುವವಳು

•

ಫೆಬ್ರವರಿ 4

ಚೋಟುಗೆ,

ಈ ಕಾಗದದ ಹಿಂದೆ ಹೊಸ ವಿಳಾಸ ಬರೆದಿದ್ದೇನೆ. ಮುಂದಿನದನ್ನು ಅಲ್ಲಿಗೆ ಹಾಕು. ಯಜಮಾನರ ಷರತ್ತಿನ ಕಾಗದ, ನನ್ನ ಉತ್ತರ, ಎರಡರ ನಕಲೂ ಜೊತೆಗಿದೆ.

ಯಜಮಾನರು ನನ್ನ ಕಾಗದ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. "ಏನು ತಾಯಿ ಇದು, ನಾನು ಸಾಯಲ್ಲ ಅಂತ ಹೇಗೆ ಬರೆದುಕೊಡೋದು?" ಅಂದರು. ನಾನು ಪೆನ್ನು ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಂಡು ಕರಾರಿನ ಕೊನೆಯ ಸಾಲಿನ ಮೇಲೆ ಗೆರೆ ಎಳೆದರು. ಸ್ಕೇಲು ಇಟ್ಟು ಎಳೆದರು, ಅದು ಬೇರೆ.

ಸಹಿಯದ್ದು ಇನ್ನೊಂದು ಕಥೆ. ಮೂವತ್ತನೇ ತಾರೀಕು ಸಂಜೆ ಕರಾರು ತಂದು ನಿಮ್ಮಪ್ಪನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

"ಮಗ ಇದ್ದೂ ಅಮ್ಮ ಬಾಡಿಗೆ ಮನೇಲಿದ್ದಾಳೆ ಅಂದ್ರೆ ಜನ ಏನಂತಾರೆ?"

"ಆಶ್ರಮದಲ್ಲಿದ್ರೆ ಏನಂತಾರೆ?"

"ಅದು ಬೇರೆ ಅಮ್ಮ. ಅಲ್ಲಿ ನೋಡ್ಕೊಳ್ಳೋರು ಇರ್ತಾರೆ."

"ಇಲ್ಲೂ ಇದ್ರಲ್ಲ, ಹದಿನಾಲ್ಕು ವರ್ಷ."

ಅವನು ಎದ್ದು ಹೋದ. ಮೂವತ್ತೊಂದು ಬೆಳಗಾಯಿತು. ಫಾರಂ ಮೇಜಿನ ಮೇಲೇ ಇತ್ತು, ಅದರ ಮೇಲೆ ಪೆನ್ನು ಇಟ್ಟಿದ್ದ. ನಾನು ಸ್ನಾನ ಮುಗಿಸಿ ಬಂದಾಗ ನಿಮ್ಮಮ್ಮ ಅಡುಗೆಕಟ್ಟೆಗೆ ಒರಗಿಕೊಂಡು ನನ್ನ ಕರಾರು ಓದುತ್ತಿದ್ದಳು. ಮೊದಲಿನಿಂದ ಕೊನೆಯವರೆಗೂ ಓದಿದಳು. ಗೆರೆ ಎಳೆದ ಸಾಲನ್ನು ಹತ್ತಿರ ಹಿಡಿದು ಓದಿದಳು. ಕೈ ಒರೆಸಿಕೊಂಡು "ಎಲ್ಲಿ ಹಾಕ್ಬೇಕು ಅತ್ತೆ?" ಅಂದಳು. ತೋರಿಸಿದೆ. ಹಾಕಿದಳು, ಫೋನ್ ನಂಬರೂ ಬರೆದಳು. ಅಷ್ಟೇ. ಮತ್ತೆ ತಿರುಗಿ ಒಲೆಯ ಕಡೆ ಹೋದಳು.

ನಾನು ಮಗನ ಮನೆಯಲ್ಲಿದ್ದ ಹದಿನಾಲ್ಕು ವರ್ಷದಲ್ಲಿ ಅವಳು ನನಗೊಂದು ಮೆತ್ತನೆಯ ಮಾತಾಡಿಲ್ಲ. ನಾನೂ ಆಡಿಲ್ಲ. ಆಶ್ರಮ ತಪ್ಪಿಸಲು ಹಾಕಿದಳೋ, ಹೇಗಾದರೂ ಹೊರಗೆ ಹೋದರೆ ಸಾಕು ಎಂದು ಹಾಕಿದಳೋ ನನಗೆ ಗೊತ್ತಿಲ್ಲ. ಕೇಳಲಿಲ್ಲ.

ಮಂಚ, ಟ್ರಂಕು, ಎರಡು ಪಾತ್ರೆ, ನೂಲಿನ ಡಬ್ಬಿ. ದೊಡ್ಡ ದರ್ಜಿಯೇ ಗಾಡಿ ಮಾಡಿಸಿಕೊಟ್ಟ. ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿದೆ. ಮದುವೆಯಾಗಿ ಅತ್ತೆಯ ಮನೆ, ಆಮೇಲೆ ಗಂಡನ ಮನೆ, ಆಮೇಲೆ ಮಗನ ಮನೆ. ಒಳಗಿನಿಂದ ಚಿಲಕ ಹಾಕಿಕೊಂಡು, ಇಡೀ ಮನೆಯಲ್ಲಿ ನಾನೊಬ್ಬಳೇ ಎಂದು ಕೂತದ್ದು ಇದೇ ಮೊದಲು. ಎದ್ದು ಹೋಗಿ ಇನ್ನೊಂದು ಸಲ ಚಿಲಕ ತೆಗೆದು ಹಾಕಿದೆ. ಸುಮ್ಮನೆ.

ಅಜ್ಜಿ

•

ಮಾರ್ಚ್ 3

ಅಜ್ಜಿ,

ಒಂದೂವರೆ ತಿಂಗಳಾಯಿತು ನಿನಗೆ ಬರೆದು. ಪರೀಕ್ಷೆ ಇತ್ತು, ಆದರೆ ಕಾರಣ ಅದಲ್ಲ.

ನಾನು ಇಲ್ಲಿಗೆ ಬರುವ ಮೊದಲೇ ಅಪ್ಪ ನಕ್ಷೆ ತೋರಿಸಿದ್ದರು. ಇಂಜಿನಿಯರ್ ಬರೆದದ್ದು. ನಿನ್ನ ಕೋಣೆಯ ಗೋಡೆ ತೆಗೆದು ಹಾಲ್ ದೊಡ್ಡದು ಮಾಡುತ್ತಾರೆ. ನನ್ನ ಕೋಣೆ ಇದೆ, ಅವರ ಕೋಣೆ ಇದೆ, ಬಂದವರಿಗೆ ಒಂದು ಕೋಣೆ ಇದೆ. ನಿನ್ನದು ಇರಲಿಲ್ಲ. "ಅಜ್ಜಿಯದು?" ಎಂದು ಕೇಳಿದೆ. "ನೋಡೋಣ" ಎಂದರು. ನನ್ನ ಕೋಣೆಗೆ ಬಾಲ್ಕನಿ ಬರುತ್ತೆ ಎಂದರು. ನಾನು ಖುಷಿಪಟ್ಟೆ ಅಜ್ಜಿ. ನಿನಗೆ ಹೇಳದೆ ಬಸ್ಸು ಹತ್ತಿದೆ.

ಇಲ್ಲಿ ಹೊಗೆ ತುಂಬಿದ ಕೋಣೆಯೊಳಗೆ ಕಣ್ಣು ಕಟ್ಟಿ ಬಿಡುತ್ತಾರೆ. ಒಳಗೆ ಯಾರಿದ್ದಾರೆ ಎಂದು ಕೈಯಲ್ಲಿ ತಡವಿ ಹುಡುಕಬೇಕು. ಒಬ್ಬರನ್ನು ಬಿಟ್ಟು ಬಂದರೂ ಫೇಲು. ನಿನ್ನೆ ನಾನು ಪಾಸಾದೆ. ಹೊರಗೆ ಬಂದು ಅತ್ತೆ.

ನೀನು ಏನು ಬೇಕಾದರೂ ಬೈಯಿ.

ಚೋಟು

•

ಮಾರ್ಚ್ 10

ಚೋಟುಗೆ,

ಬೈಯುವುದಿದ್ದರೆ ಎದುರಿಗೆ ಕೂರಿಸಿಕೊಂಡು ಬೈಯುತ್ತೇನೆ, ಅಂಚೆಯಲ್ಲಿ ಕಳಿಸಿದರೆ ಆರಿಹೋಗಿರುತ್ತದೆ.

ಆ ನಕ್ಷೆ ನಾನು ಡಿಸೆಂಬರಿನಲ್ಲೇ ನೋಡಿದ್ದೆ. ಊಟದ ಮೇಜಿನ ಮೇಲೆ ಹಾಸಿಟ್ಟಿದ್ದರು, ನನಗೇನು ತಿಳಿಯುತ್ತದೆ ಎಂದುಕೊಂಡು. ಕಾಗದದ ಮೇಲೆ ಗೆರೆ ಹಾಕಿ, ಅದನ್ನು ಬಟ್ಟೆ ಮಾಡಿ, ಅದರೊಳಗೆ ಮನುಷ್ಯನನ್ನು ತೂರಿಸುವವರ ಮಧ್ಯೆ ಜೀವನ ಕಳೆದವಳು ನಾನು. ಯಾರ ಅಳತೆ ತೆಗೆದಿಲ್ಲ ಎಂದು ತಿಳಿಯಲು ನನಗೆ ಇಂಜಿನಿಯರ್ ಬೇಕಾ? ನೀನು ಜನವರಿಯಲ್ಲಿ "ಸುಮ್ಮನೆ ಕೇಳಿದೆ" ಎಂದಾಗಲೇ ನಿನಗೂ ಗೊತ್ತಿದೆ ಎಂದು ತಿಳಿಯಿತು. ಬಾಲ್ಕನಿ ಕೊಟ್ಟರೆ ನಿನ್ನ ವಯಸ್ಸಿನಲ್ಲಿ ನಾನೂ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಮುಗಿಯಿತು. ಇನ್ನು ಅದರ ಮಾತು ಬೇಡ.

ಈಗ ನಗುವ ವಿಷಯ. ಹೋದ ಮಂಗಳವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಯಜಮಾನರು ಏನೋ ನೀರಿನ ವಿಷಯ ಹೇಳಲು ಬಂದು ಬಾಗಿಲು ಬಡಿದಿದ್ದಾರೆ. ನಾನು ತೆಗೆಯಲಿಲ್ಲ. ಮತ್ತೆ ಬಡಿದಿದ್ದಾರೆ. ಆಮೇಲೆ ಕರಾರಿನಲ್ಲಿದ್ದ ನಂಬರಿಗೆ ಫೋನು, ವಾಚ್‌ಮನ್, ಪಕ್ಕದ ಮನೆಯವರು, ಕೊನೆಗೆ ಎದುರು ರಸ್ತೆಯಲ್ಲಿ ಬಾಗಿಲು ಕೂರಿಸುತ್ತಿದ್ದ ಬಡಗಿ. ನಾನು ಬಾಗಿಲು ತೆಗೆದಾಗ ಅವನು ಉಳಿಯನ್ನು ಚಿಲಕಕ್ಕೆ ಇಟ್ಟಾಗಿತ್ತು.

"ಏನ್ರೀ ಇದು, ಮೆರವಣಿಗೆ?"

ಯಜಮಾನರ ಮುಖ ಸುಣ್ಣದ ಹಾಗಾಗಿತ್ತು. "ನಿದ್ದೇನಾ ತಾಯಿ?"

"ಮತ್ತೇನು ಅಂದ್ಕೊಂಡ್ರಿ? ಆ ಸಾಲು ಹೊಡೆದುಹಾಕಿದ್ದು ತಪ್ಪಾಯ್ತು ಅನ್ನಿಸ್ತಾ?"

ಎಲ್ಲರೂ ನಕ್ಕರು. ಬಡಗಿ ಮಾತ್ರ ಬಂದದ್ದಕ್ಕೆ ಕೂಲಿ ಕೇಳಿದ.

ನಿನಗೊಬ್ಬಳಿಗೇ ಹೇಳುತ್ತೇನೆ. ಮೊದಲ ಸಲ ಬಡಿದದ್ದೇ ನನಗೆ ಕೇಳಿಸಿತ್ತು. ಏಳಲು ಹೊರಟೆ, ಕಾಲು ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತು ಬೇಕಾಯಿತು. ಮಂಚ ಹಿಡಿದು, ಗೋಡೆ ಹಿಡಿದು ಬಂದೆ. ಸೆರಗು ಸರಿ ಮಾಡಿಕೊಂಡು ಬಾಗಿಲು ತೆಗೆದೆ. ನಿಮ್ಮಪ್ಪನಿಗೆ ಹೇಳಬೇಡ.

ಮಾರನೇ ದಿನ ನಿಮ್ಮಮ್ಮ ಬಂದಳು, ಒಬ್ಬಳೇ, ಜೊತೆಗೊಬ್ಬ ಪ್ಲಂಬರ್. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ನೇರ ಬಚ್ಚಲಿಗೆ ಹೋದಳು. ಗೋಡೆಗೆ ನಾಲ್ಕು ತೂತು ಕೊರೆಸಿ ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸಿದಳು. ಯಜಮಾನರು ಮೊಳೆಯ ಷರತ್ತು ನೆನಪಿಸಲು ಓಡಿ ಬಂದರೆ, "ಇದು ಮೊಳೆ ಅಲ್ಲ ಸಾರ್, ಬೋಲ್ಟು" ಅಂದಳು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಹೋದರು. ನನಗೆ ಅವಳು ಹೇಳಿದ್ದು ಒಂದೇ ಮಾತು. "ಒದ್ದೆ ಕಾಲಲ್ಲಿ ಓಡಾಡ್ಬೇಡಿ ಅತ್ತೆ." ಚಹಾ ಕುಡಿ ಅಂದರೆ ಹೊತ್ತಾಯಿತು ಅಂದಳು. ಹೊಸ್ತಿಲು ದಾಟುವಾಗ ಮಾತ್ರ ನಿಂತು, ತಿರುಗಿ, ನನ್ನ ಕಿಟಕಿಯನ್ನೂ ಮಂಚವನ್ನೂ ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಒಬ್ಬಳೇ ಕೂರಲು ಎಂದಾದರೂ ಒಂದು ಕೋಣೆ ಇತ್ತಾ ಎಂದು ನಾನು ಯೋಚಿಸಿದ್ದೇ ಇಲ್ಲ.

ಅಜ್ಜಿ

•

ಏಪ್ರಿಲ್ 22

ಅಜ್ಜಿ,

ಮುಂದಿನ ತಿಂಗಳು ಹದಿನೈದಕ್ಕೆ ನಮ್ಮ ತರಬೇತಿ ಮುಗಿಯುತ್ತದೆ. ಹತ್ತು ದಿನ ರಜೆ. ಅಮ್ಮ ಬರೆದಿದ್ದರು, ಮನೆ ಕೆಲಸ ಮುಗಿಯಿತಂತೆ, ಈ ತಿಂಗಳ ಮೂವತ್ತಕ್ಕೆ ನಿನ್ನನ್ನು ಕರೆದುಕೊಂಡು ಬರುತ್ತಾರಂತೆ. ಎಲ್ಲಿಗೆ ಎಂದು ಬರೆದಿರಲಿಲ್ಲ. ನಾನು ಯಾವ ಮನೆಗೆ ಬರಲಿ?

ಚೋಟು

•

ಮೇ 2

ಚೋಟುಗೆ,

ನಿಮ್ಮಪ್ಪ ಬಂದಿದ್ದ. ಹೊಸ ಅಂಗಿ, ಕಾರು. ಗೇಟಿನ ಪುಸ್ತಕದಲ್ಲಿ ಹೆಸರು ಬರೆಯುವಾಗ ಸಿಡುಕುತ್ತಿದ್ದದ್ದು ನನ್ನ ಕಿಟಕಿಗೇ ಕೇಳಿಸಿತು.

"ನಡಿಯಮ್ಮ. ನಿನ್ನ ಕೋಣೆ ರೆಡಿ ಇದೆ" ಅಂದ. ಕೆಮ್ಮಲಿಲ್ಲ. ಹಾಗಾದರೆ ನಿಜ ಇರಬೇಕೆಂದು ಟೇಪು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ.

ಹಾಲ್ ದೊಡ್ಡದಾಗಿದೆ, ಚೆನ್ನಾಗಿದೆ, ಸುಳ್ಳು ಹೇಳಬಾರದು. ನನ್ನ ಕೋಣೆ ಮೆಟ್ಟಿಲ ಕೆಳಗೆ. ಸಾಮಾನು ಇಡಲು ಕಟ್ಟಿಸಿದ್ದಕ್ಕೆ ಬಣ್ಣ ಹೊಡೆಸಿ ಫ್ಯಾನು ಹಾಕಿಸಿದ್ದಾನೆ. ಮೂಲೆಯಲ್ಲಿ ಮೇಲೆ ಒಂದು ಕ್ಯಾಮೆರಾ, ಆಫೀಸಿನಿಂದಲೇ ನನ್ನನ್ನು ನೋಡಿಕೊಳ್ಳಲು. ಅಳೆದೆ. ಐದೂವರೆ ಅಡಿಗೆ ಆರಡಿ. ನನ್ನ ಮಂಚ ಆರೂಕಾಲು.

"ಮಂಚ ಒಳಗಿದ್ರೆ ನಾನು ಹೊರಗೆ. ನಾನು ಒಳಗಿದ್ರೆ ಮಂಚ ಹೊರಗೆ. ಯಾರನ್ನ ಕರೀತಿದೀಯ ಹೇಳಪ್ಪ."

"ಚಿಕ್ಕ ಮಂಚ ತಂದ್ರಾಯ್ತಮ್ಮ. ನೀನೇನು ಉದ್ದ ಇದೀಯಾ?"

"ಮನುಷ್ಯರಿಗೆ ತಕ್ಕ ಹಾಗೆ ಅಂಗಿ ಹೊಲೀತಾರೆ. ಅಂಗಿಗೆ ತಕ್ಕ ಹಾಗೆ ಕೈ ಕತ್ತರಿಸೋ ದರ್ಜಿನ ನಾನು ನೋಡಿಲ್ಲ."

ಆಗ ಅವನಿಗೆ ಕೋಪ ಬಂತು. ಮಾರ್ಚಿನಲ್ಲಿ ಬಾಗಿಲು ಒಡೆಯಲು ಬಂದದ್ದು ಯಾರೋ ಅವನಿಗೆ ಹೇಳಿಬಿಟ್ಟಿದ್ದಾರೆ. ನೀನಲ್ಲ, ನಿಮ್ಮಮ್ಮನೂ ಅಲ್ಲ. ಆ ವಾಚ್‌ಮನ್ನೇ ಇರಬೇಕು. "ಇನ್ನೊಂದ್ಸಲ ಹಂಗಾದ್ರೆ? ಯಾರೂ ಇಲ್ದೆ ಬಿದ್ದಿದ್ರೆ? ನಾನು ಹೇಗೆ ನಿದ್ದೆ ಮಾಡ್ಲಿ?" ಅಂದ. ಅವನ ಕಣ್ಣಲ್ಲಿ ನೀರಿತ್ತು ಚೋಟು. ಸುಳ್ಳಲ್ಲ ಅದು. ಅದಕ್ಕೇ ನಿಧಾನವಾಗಿ ಹೇಳಿದೆ.

"ಬೀಳಬಹುದು. ಇಲ್ಲಿ ಬಿದ್ರೂ ನೀನು ಆಫೀಸಲ್ಲಿ ನೋಡ್ತಾ ಇರ್ತೀಯ, ಅಷ್ಟೇ ವ್ಯತ್ಯಾಸ. ಭಾನುವಾರ ಭಾನುವಾರ ಬಾ. ಬಂದು ನೋಡು. ಊಟ ಹಾಕ್ತೀನಿ."

"ಜನ ಏನಂತಾರೆ ಅಮ್ಮ?"

"ಅವಳಿಗೊಂದು ಮನೆ ಇದೆ ಅಂತಾರೆ."

ನಿಮ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋದಳು. ನಗಲು ಹೋದಳೋ ಅಳಲು ಹೋದಳೋ ಕಾಣಲಿಲ್ಲ. ಅವನು ನನ್ನನ್ನು ವಾಪಸು ಬಿಟ್ಟುಹೋದ. ನಾನು ಇಳಿಯುವಾಗ "ಭಾನುವಾರ ಎಷ್ಟು ಹೊತ್ತಿಗೆ?" ಅಂದ.

ಯಜಮಾನರ ಹತ್ತಿರ ಹೋಗಿ ಇನ್ನು ಹನ್ನೊಂದು ತಿಂಗಳಿಗೆ ಬರೆಯಿರಿ ಅಂದೆ. "ನೀವು ಮೂರು ತಿಂಗಳು ಅಂದಿದ್ದಿರಿ ತಾಯಿ" ಅಂದರು. "ಅಂದಿದ್ದೆ. ಜಾಸ್ತಿ ಅಂದಿದ್ರೆ ನೀವು ಬಾಗಿಲೇ ತೆಗೀತಿರಲಿಲ್ಲ." ಅವರು ಹೊಸ ಹಾಳೆ ತೆಗೆದು ಸ್ಕೇಲು ಹುಡುಕಲು ಶುರುಮಾಡಿದರು. ಬೋಲ್ಟಿನ ಬಗ್ಗೆ ಹೊಸದೊಂದು ಷರತ್ತು ಸೇರಿಸಿದ್ದಾರೆ. ಸೇರಿಸಲಿ.

ಇನ್ನು ನಿನ್ನ ಪ್ರಶ್ನೆ. ಯಾವ ಮನೆಗೆ ಬರಲಿ ಎಂದು ಕೇಳಿದ್ದೀಯ. ನಿಮ್ಮಪ್ಪನ ಮನೆಯಲ್ಲಿ ನಿನಗೆ ಕೋಣೆ ಇದೆ, ಅದು ನಿನ್ನದು, ಹೋಗಿ ಮಲಗು. ನನ್ನ ಮನೆಗೆ ಬರುವುದಾದರೆ ಇರುವುದು ಒಂದೇ ಮಂಚ, ನೀನು ನೆಲದ ಮೇಲೆ. ಬೆಳಿಗ್ಗೆ ಐದಕ್ಕೆ ಎದ್ದು ಧಡಧಡ ಓಡಾಡಿದರೆ ಕೆಳಗಿನವರು ಕಾಗದ ಬರೆಯುತ್ತಾರೆ.

ಮತ್ತೆ, ಸುಮ್ಮನೆ ಬಂದು ಬಾಗಿಲಲ್ಲಿ ನಿಲ್ಲಬೇಡ. ಮೊದಲು ಕಾಗದ ಬರೆದು ಕೇಳು. ಬಾ ಎಂದೇ ಅನ್ನುತ್ತೇನೆ. ಆದರೂ ಕೇಳು.

ನಿನ್ನ ಅಜ್ಜಿ,
ಎರಡನೇ ಮಹಡಿ